ಹೊಸ ಗುಮಾಸ್ತ, ಹಳೆಯ ಹೊಣೆ
ಕೃತಕ ಬುದ್ಧಿಮತ್ತೆಯೂ ಸಣ್ಣ ವರ್ತಕರ ದಿನಚರಿಯೂ

ವ್ಯಾಪಾರಕ್ಕೆ ಯಂತ್ರವು ಹೊಸತಲ್ಲ. ತಕ್ಕಡಿಯ ಸ್ಥಾನದಲ್ಲಿ ವಿದ್ಯುನ್ಮಾನ ತೂಕದ ಯಂತ್ರವು ಬಂದಿತು. ಕಿರ್ದಿ ಪುಸ್ತಕದ ಸ್ಥಾನದಲ್ಲಿ ಗಣಕಯಂತ್ರವು ಬಂದಿತು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ, ಹಣ ಜಮೆಯಾದುದನ್ನು ಕನ್ನಡದಲ್ಲಿಯೇ ಕೂಗಿ ಹೇಳುವ ಪುಟ್ಟ ಧ್ವನಿಪೆಟ್ಟಿಗೆಯೂ ಬಂದು ಕುಳಿತಿದೆ. ಆದರೆ ಇವೆಲ್ಲವೂ ಹೇಳಿದಷ್ಟನ್ನು ಮಾತ್ರ ಮಾಡುವ ಯಂತ್ರಗಳು. ತೂಕದ ಯಂತ್ರವು ತೂಕವನ್ನು ತೋರಿಸುತ್ತದೆಯೇ ಹೊರತು ಸರಕು ಒಳ್ಳೆಯದೋ ಕೆಟ್ಟದ್ದೋ ಎಂದು ಅಭಿಪ್ರಾಯ ಕೊಡುವುದಿಲ್ಲ. ಅಭಿಪ್ರಾಯ ಕೊಡುವ, ಪತ್ರ ಬರೆಯುವ, ಸಾಲಕ್ಕೆ ಯಾರು ಅರ್ಹರೆಂದು ಅಳೆಯುವ ಯಂತ್ರವು ಈಗ ಬಂದಿದೆ. ಇದನ್ನೇ ಕೃತಕ ಬುದ್ಧಿಮತ್ತೆ ಎಂದು ಕರೆಯಲಾಗುತ್ತಿದೆ.

ಇದು ಬೆಂಗಳೂರಿನ ದೊಡ್ಡ ಕಂಪನಿಗಳಿಗೆ ಸಂಬಂಧಿಸಿದ ವಿಷಯ, ಮಲೆನಾಡಿನ ಪೇಟೆಗೂ ಇದಕ್ಕೂ ಏನು ನಂಟು ಎಂಬ ಭಾವನೆ ಅನೇಕರಲ್ಲಿದೆ. ಹೊಸನಗರ ತಾಲ್ಲೂಕಿನ ರಿಪ್ಪನ್‌ಪೇಟೆಯಂತಹ ಊರನ್ನು ಗಮನಿಸಿದರೆ ಈ ಭಾವನೆ ನಿಲ್ಲುವುದಿಲ್ಲ. ಶಿವಮೊಗ್ಗ, ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿಗಳ ಕಡೆಯ ರಸ್ತೆಗಳು ಕೂಡುವ ಈ ಪೇಟೆಯಲ್ಲಿ ಕಿರಾಣಿ, ಗೊಬ್ಬರ, ಕಬ್ಬಿಣ ಮತ್ತು ಸಿಮೆಂಟು, ಬಟ್ಟೆ, ಔಷಧಿ ಮುಂತಾದ ಅಂಗಡಿಗಳಿವೆ. ಸುತ್ತಣ ಹಳ್ಳಿಗಳ ಅಡಿಕೆ ಮತ್ತು ಭತ್ತದ ಹಣವೇ ಈ ಅಂಗಡಿಗಳ ಜೀವಾಳ. ಇಲ್ಲಿನ ವರ್ತಕರ ಸಾಲದ ಅರ್ಜಿ, ತೆರಿಗೆಯ ಲೆಕ್ಕ, ಸರಕಿನ ದರ್ಜೆ, ಗ್ರಾಹಕರೊಡನೆ ನಡೆಸುವ ಪತ್ರವ್ಯವಹಾರ, ಈ ನಾಲ್ಕರಲ್ಲಿಯೂ ಯಂತ್ರದ ತೀರ್ಮಾನವು ಸದ್ದಿಲ್ಲದೆ ಕಾಲಿಡುತ್ತಿದೆ. ಆದುದರಿಂದ ಅದರ ಗುಣಾವಗುಣಗಳನ್ನು ಅರಿಯುವುದು ಅಗತ್ಯವಾಗಿದೆ.

ಯಂತ್ರವು ಕಲಿಯುವ ಬಗೆ

ಕೃತಕ ಬುದ್ಧಿಮತ್ತೆ ಎಂಬ ಶಾಸ್ತ್ರಕ್ಕೆ ಹೆಸರು ಬಂದುದು 1956ರಲ್ಲಿ ಅಮೆರಿಕದ ಡಾರ್ಟ್‌ಮೌತ್ ಕಾಲೇಜಿನಲ್ಲಿ ನಡೆದ ವಿದ್ವಾಂಸರ ಸಮಾವೇಶದ ಸಂದರ್ಭದಲ್ಲಿ. 1997ರಲ್ಲಿ ಐಬಿಎಂ ಸಂಸ್ಥೆಯ ಡೀಪ್ ಬ್ಲೂ ಗಣಕವು ವಿಶ್ವ ಚದುರಂಗ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್‌ರನ್ನು ಸೋಲಿಸಿದಾಗ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಆದರೆ ಜನಸಾಮಾನ್ಯರ ಕೈಗೆ ಅದು ಬಂದುದು 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಿಡುಗಡೆಯಾದ ನಂತರ. ಇಂದು ಯಾವುದೇ ಮೊಬೈಲ್ ಫೋನಿನಲ್ಲಿ ಕನ್ನಡದಲ್ಲಿ ಪ್ರಶ್ನೆ ಕೇಳಿದರೆ ಕನ್ನಡದಲ್ಲಿ ಉತ್ತರ ದೊರೆಯುತ್ತದೆ.

ಈ ಯಂತ್ರವು ಮನುಷ್ಯನಂತೆ ಅರ್ಥ ಮಾಡಿಕೊಂಡು ಉತ್ತರ ಕೊಡುತ್ತದೆ ಎಂದು ಭಾವಿಸುವುದು ಸರಿಯಲ್ಲ. ಅಪಾರ ಪ್ರಮಾಣದ ಬರಹಗಳನ್ನು ಅದಕ್ಕೆ ಉಣಿಸಲಾಗಿರುತ್ತದೆ. ಯಾವ ಪದದ ನಂತರ ಯಾವ ಪದ ಬರುವ ಸಂಭವ ಹೆಚ್ಚು ಎಂಬುದನ್ನು ಅದು ಆ ಬರಹಗಳಿಂದ ಲೆಕ್ಕ ಹಾಕಿ ಕಲಿತಿರುತ್ತದೆ. ಉತ್ತರವು ಸುಲಲಿತವಾಗಿರುವುದು ಈ ಕಾರಣದಿಂದ. ಅದು ಕೆಲವೊಮ್ಮೆ ಶುದ್ಧ ಸುಳ್ಳಾಗಿರುವುದಕ್ಕೂ ಇದೇ ಕಾರಣ. ಭಾಷೆಯ ನಯವನ್ನು ಕಂಡು ವಿಷಯವೂ ಸರಿಯಾಗಿದೆ ಎಂದು ನಂಬುವುದು, ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ಜಮಾಖರ್ಚು ತಾಳೆಯಾಗಿದೆ ಎಂದು ನಂಬಿದಂತೆ.

ಅಡಿಕೆಯ ದರ್ಜೆ: ಕಣ್ಣು ಮತ್ತು ಕ್ಯಾಮೆರಾ

ಮಲೆನಾಡಿನ ವರ್ತಕರಿಗೆ ಈ ವಿಷಯವು ಹೆಚ್ಚು ಸುಲಭವಾಗಿ ಅರ್ಥವಾಗುವುದು ಅಡಿಕೆಯ ಉದಾಹರಣೆಯಿಂದ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ದರ್ಜೆಗಳ ಧಾರಣೆಯಲ್ಲಿ ಭಾರೀ ಅಂತರವಿದೆ. ಒಂದು ಚೀಲವು ಯಾವ ದರ್ಜೆಗೆ ಸೇರುತ್ತದೆ ಎಂಬ ಒಂದು ಮಾತಿನ ಮೇಲೆ ಬೆಳೆಗಾರನ ವರ್ಷದ ದುಡಿಮೆಯ ಬೆಲೆಯು ನಿಂತಿರುತ್ತದೆ. ಈ ಮಾತನ್ನು ಇಂದಿಗೂ ಹೇಳುವುದು ಅನುಭವಸ್ಥರ ಕಣ್ಣು ಮತ್ತು ಕೈ. ಅವರು ಬಣ್ಣವನ್ನು ನೋಡುತ್ತಾರೆ, ಹಿಡಿಯಲ್ಲಿ ಆಡಿಸಿ ಒಣಗಿದ ಸದ್ದನ್ನು ಕೇಳುತ್ತಾರೆ, ಕತ್ತರಿಸಿ ಒಳಭಾಗವನ್ನು ಪರೀಕ್ಷಿಸುತ್ತಾರೆ. 1939ರಲ್ಲಿ ಸ್ಥಾಪನೆಯಾದ ಮ್ಯಾಮ್‌ಕೋಸ್, 1973ರಲ್ಲಿ ಸ್ಥಾಪನೆಯಾದ ಕ್ಯಾಂಪ್ಕೋ ಮುಂತಾದ ಸಹಕಾರ ಸಂಸ್ಥೆಗಳಾಗಲಿ ಖಾಸಗಿ ಮಂಡಿಗಳಾಗಲಿ ಬೆಳೆಗಾರರ ವಿಶ್ವಾಸವನ್ನು ಗಳಿಸುವುದು ತೂಕ ಮತ್ತು ದರ್ಜೆ ಎಂಬ ಎರಡು ವಿಷಯಗಳಲ್ಲಿ.

ಈ ಕೆಲಸವನ್ನು ಕ್ಯಾಮೆರಾಕ್ಕೆ ಕಲಿಸುವ ಪ್ರಯತ್ನವು ಇದೇ ಜಿಲ್ಲೆಯಲ್ಲಿ ನಡೆದಿದೆ ಎಂಬುದು ಹಲವರಿಗೆ ತಿಳಿದಿರಲಾರದು. ಶಿವಮೊಗ್ಗದ ತಾಂತ್ರಿಕ ಕಾಲೇಜು ಮತ್ತು ಕುವೆಂಪು ವಿಶ್ವವಿದ್ಯಾಲಯದ ಸಂಶೋಧಕರು 2010ರ ದಶಕದ ಆರಂಭದಲ್ಲಿಯೇ ಅಡಿಕೆಯ ಚಿತ್ರಗಳನ್ನು ಗಣಕಕ್ಕೆ ಉಣಿಸಿ ಅವುಗಳನ್ನು ವಿಂಗಡಿಸುವ ವಿಧಾನಗಳ ಬಗ್ಗೆ ಪ್ರಬಂಧಗಳನ್ನು ಪ್ರಕಟಿಸಿದ್ದರು. ಅಕ್ಕಿ ಗಿರಣಿಗಳಲ್ಲಿ ಇಂತಹ ಯಂತ್ರದ ಕಣ್ಣು ಹಳೆಯ ಪರಿಚಯವೇ ಆಗಿದೆ. ಅಲ್ಲಿನ ಬಣ್ಣ ವಿಂಗಡಿಸುವ ಯಂತ್ರದಲ್ಲಿ ಅಕ್ಕಿಯು ಕ್ಯಾಮೆರಾದ ಮುಂದೆ ಸುರಿಯುತ್ತದೆ. ಕಪ್ಪು ಕಾಳು ಕಂಡೊಡನೆ ಗಾಳಿಯ ಹೊಡೆತವು ಅದನ್ನು ಪಕ್ಕಕ್ಕೆ ತಳ್ಳುತ್ತದೆ.

ಆದರೆ ಅಕ್ಕಿಯ ಕಪ್ಪು ಕಾಳಿಗೂ ಅಡಿಕೆಯ ದರ್ಜೆಗೂ ವ್ಯತ್ಯಾಸವಿದೆ. ಕಾಳು ಕಪ್ಪಾಗಿದೆಯೇ ಎಂಬುದರಲ್ಲಿ ಗಿರಣಿಯವನಿಗೂ ಗ್ರಾಹಕನಿಗೂ ಭಿನ್ನಾಭಿಪ್ರಾಯವಿಲ್ಲ. ಬೆಟ್ಟೆಯೋ ರಾಶಿಯೋ ಎಂಬುದರಲ್ಲಿ ಮಾರುವವನಿಗೂ ಕೊಳ್ಳುವವನಿಗೂ ವಿರುದ್ಧ ಹಿತಾಸಕ್ತಿಗಳಿವೆ. ಕ್ಯಾಮೆರಾಕ್ಕೆ ಕಲಿಸುವಾಗ ‘ಇದು ಬೆಟ್ಟೆ, ಇದು ರಾಶಿ’ ಎಂದು ಮೊದಲು ಗುರುತು ಹಾಕಿಕೊಡುವವನು ಒಬ್ಬ ಮನುಷ್ಯ. ಅವನು ಕೊಳ್ಳುವವರ ಕಡೆಯವನಾದರೆ ಯಂತ್ರವು ಕೊಳ್ಳುವವರ ಕಣ್ಣಿನಿಂದಲೇ ನೋಡಲು ಕಲಿಯುತ್ತದೆ. ಇದಲ್ಲದೆ ಕೀಳು ಅಡಿಕೆಗೆ ಬಣ್ಣ ಕಟ್ಟಿ ಮಾರುವ ಪಿಡುಗು ಇರುವಾಗ, ಮೇಲ್ಮೈಯ ಬಣ್ಣವನ್ನು ಮಾತ್ರ ನೋಡುವ ಕ್ಯಾಮೆರಾ ಮೋಸ ಹೋಗುವ ಸಂಭವವೂ ಉಂಟು. ಮುಂದೊಂದು ದಿನ ಇಂತಹ ಯಂತ್ರವು ಮಂಡಿಗೆ ಬಂದರೆ ಅದಕ್ಕೆ ಕಲಿಸಿದವರು ಯಾರು, ಬೆಳೆಗಾರನು ಒಪ್ಪದಿದ್ದರೆ ಮರುಪರೀಕ್ಷೆ ಮಾಡುವವರು ಯಾರು ಎಂಬ ಎರಡು ಪ್ರಶ್ನೆಗಳನ್ನು ವರ್ತಕರ ಸಂಘಗಳೂ ಬೆಳೆಗಾರರ ಸಂಘಗಳೂ ಒಟ್ಟಾಗಿ ಕೇಳಬೇಕಾಗುತ್ತದೆ.

ಧಾರಣೆಯ ಮುನ್ಸೂಚನೆಯ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಯಂತ್ರವು ಹಿಂದಿನ ಧಾರಣೆಗಳನ್ನು ನೋಡಿ ಮುಂದಿನದನ್ನು ಊಹಿಸುತ್ತದೆ. ಆದರೆ ಅಡಿಕೆಯ ಧಾರಣೆಯನ್ನು ಅಲುಗಾಡಿಸುವ ಸಂಗತಿಗಳಲ್ಲಿ ಹಲವು ಹಳೆಯ ಅಂಕಿಗಳೊಳಗೆ ಇರುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಭೂತಾನದಿಂದ ಕನಿಷ್ಠ ಆಮದು ಬೆಲೆಯ ನಿರ್ಬಂಧವಿಲ್ಲದೆ 17,000 ಟನ್ ಹಸಿ ಅಡಿಕೆ ತರಿಸಲು ಕೇಂದ್ರ ಸರ್ಕಾರ ಅನುಮತಿ ನೀಡಿತು. 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗ್ರಾಂಗೆ ₹251ರಿಂದ ₹351ಕ್ಕೆ ಏರಿಸಲಾಯಿತು. ಇವು ದೆಹಲಿಯ ಕಚೇರಿಯಲ್ಲಿ ಆದ ತೀರ್ಮಾನಗಳು. ಹಳೆಯ ಧಾರಣೆಯ ಪಟ್ಟಿಯನ್ನು ಎಷ್ಟು ಓದಿದರೂ ಯಂತ್ರಕ್ಕೆ ಇವು ಗೋಚರಿಸಲಾರವು. ಫೋನಿನ ಮುನ್ಸೂಚನೆಯನ್ನು ನಂಬಿ ದಾಸ್ತಾನು ಹಿಡಿಯುವವರು ಇದನ್ನು ನೆನಪಿನಲ್ಲಿಡಬೇಕು.

ಅಂಕಿಗಳು ಹೇಳದ ಕಥೆ

ಗಣಕವು ಅಂಕಿಗಳನ್ನು ಕೂಡಿಸಿ ತೀರ್ಮಾನಕ್ಕೆ ಬಂದರೆ ಸಣ್ಣ ವರ್ತಕರಿಗೆ ಏನಾಗಬಹುದು ಎಂಬುದನ್ನು ಕರ್ನಾಟಕವು 2025ರ ಜುಲೈನಲ್ಲಿ ಕಂಡಿತು. 2021-22ರಿಂದ 2024-25ರವರೆಗಿನ ಯುಪಿಐ ಪಾವತಿಗಳ ಮಾಹಿತಿಯನ್ನು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆಯು ರಾಜ್ಯದ ಸಾವಿರಾರು ಸಣ್ಣ ವರ್ತಕರಿಗೆ ನೋಟಿಸು ನೀಡಿತು. ಸರಕು ಮಾರುವವರಿಗೆ ವರ್ಷಕ್ಕೆ ₹40 ಲಕ್ಷ, ಸೇವೆ ಒದಗಿಸುವವರಿಗೆ ₹20 ಲಕ್ಷ ವಹಿವಾಟು ಮೀರಿದರೆ ಜಿಎಸ್‌ಟಿ ನೋಂದಣಿ ಅಗತ್ಯವೆಂಬುದು ನಿಯಮ. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಸುಮಾರು ₹29 ಲಕ್ಷ ತೆರಿಗೆಯ ನೋಟಿಸು ಬಂದುದು ದೇಶವ್ಯಾಪಿ ಸುದ್ದಿಯಾಯಿತು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲವೆಂಬುದು ಎಲ್ಲರಿಗೂ ತಿಳಿದ ವಿಷಯ. ಜುಲೈ 23ರಂದು ಮುಖ್ಯಮಂತ್ರಿಗಳು ವರ್ತಕರ ಪ್ರತಿನಿಧಿಗಳೊಡನೆ ಸಭೆ ನಡೆಸಿ, ತೆರಿಗೆ ವಿನಾಯಿತಿ ಇರುವ ವಸ್ತುಗಳ ಮಾರಾಟಕ್ಕೆ ತೆರಿಗೆ ವಸೂಲು ಮಾಡುವುದಿಲ್ಲವೆಂದೂ ನೋಂದಣಿ ಮಾಡಿಕೊಳ್ಳುವವರ ಹಳೆಯ ಬಾಕಿಗೆ ಒತ್ತಾಯಿಸುವುದಿಲ್ಲವೆಂದೂ ಭರವಸೆ ನೀಡಿದರು.

ಇಲ್ಲಿ ಕೂಡಿಸಿದ ಮೊತ್ತ ಸುಳ್ಳಾಗಿರಲಿಲ್ಲ. ಆದರೆ ಆ ಮೊತ್ತದೊಳಗೆ ತೆರಿಗೆಯಿಲ್ಲದ ಸರಕಿನ ಮಾರಾಟವೆಷ್ಟು, ನೆಂಟರಿಂದ ಬಂದ ಕೈಸಾಲವೆಷ್ಟು, ಮನೆಯ ಖರ್ಚಿಗೆ ಮಗನು ಕಳುಹಿಸಿದ ಹಣವೆಷ್ಟು ಎಂಬುದು ಗಣಕಕ್ಕೆ ಗೊತ್ತಿರಲಿಲ್ಲ. ಅಂಗಡಿಯ ಖಾತೆ ಮತ್ತು ಮನೆಯ ಖಾತೆ ಒಂದೇ ಆಗಿದ್ದವರು ಅದನ್ನು ವಿವರಿಸಲು ಹೆಚ್ಚು ಕಷ್ಟಪಟ್ಟರು.

ಸಾಲದ ವಿಷಯದಲ್ಲಿಯೂ ಇದೇ ಅಪಾಯವಿದೆ. ಮಲೆನಾಡಿನ ಪೇಟೆಗಳಲ್ಲಿ ವ್ಯಾಪಾರವು ತಿಂಗಳ ಲೆಕ್ಕದಲ್ಲಿ ನಡೆಯುವುದಿಲ್ಲ, ಕೊಯ್ಲಿನ ಲೆಕ್ಕದಲ್ಲಿ ನಡೆಯುತ್ತದೆ. ಮಳೆಗಾಲದಲ್ಲಿ ಗೊಬ್ಬರವೂ ಕಿರಾಣಿಯೂ ಉದ್ದರಿಯಲ್ಲಿ ಹೋಗುತ್ತವೆ. ಅಡಿಕೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ, ಮಾರಿದ ಮೇಲೆ ಬಾಕಿಯು ತೀರುತ್ತದೆ. ಹತ್ತಾರು ವರ್ಷ ಒಂದು ರೂಪಾಯಿಯನ್ನೂ ಉಳಿಸಿಕೊಳ್ಳದ ಗಿರಾಕಿಯನ್ನು ಅಂಗಡಿಯವನು ಮುಖ ನೋಡಿಯೇ ಬಲ್ಲನು. ಆದರೆ ತಿಂಗಳು ತಿಂಗಳು ಸಂಬಳ ಪಡೆಯುವ ನಗರವಾಸಿಗಳ ಖಾತೆಗಳನ್ನು ನೋಡಿ ಕಲಿತ ಯಂತ್ರಕ್ಕೆ, ಆರು ತಿಂಗಳು ಬರಿದಾಗಿದ್ದು ಒಮ್ಮೆಲೇ ತುಂಬುವ ಖಾತೆಯು ಅನುಮಾನಾಸ್ಪದವಾಗಿ ಕಾಣಬಹುದು. ಗಿರಾಕಿಗೆ ಉದ್ದರಿ ಕೊಟ್ಟ ಅಂಗಡಿಯವನ ಖಾತೆಯೂ ಅದೇ ರೀತಿ ಕಾಣುತ್ತದೆ. ಇದರಿಂದಾಗಿ ಪ್ರಾಮಾಣಿಕನಿಗೆ ಸಾಲವು ದೊರೆಯದೆ ಹೋಗುವುದೂ ಹೆಚ್ಚಿನ ಬಡ್ಡಿ ಬೀಳುವುದೂ ಅಸಂಭವವೇನಲ್ಲ.

ಭಾರತೀಯ ರಿಸರ್ವ್ ಬ್ಯಾಂಕ್ ನೇಮಿಸಿದ್ದ ಸಮಿತಿಯು 2025ರ ಆಗಸ್ಟ್‌ನಲ್ಲಿ ನೀಡಿದ ವರದಿಯಲ್ಲಿ ಹಣಕಾಸು ಕ್ಷೇತ್ರದ ಕೃತಕ ಬುದ್ಧಿಮತ್ತೆಗೆ ಏಳು ಸೂತ್ರಗಳನ್ನು ಸೂಚಿಸಿದೆ. ಜನರೇ ಮೊದಲು, ತೀರ್ಮಾನವು ಅರ್ಥವಾಗುವಂತಿರಬೇಕು, ಹೊಣೆಗಾರಿಕೆ ಇರಬೇಕು ಎಂಬವು ಅವುಗಳಲ್ಲಿ ಸೇರಿವೆ. ಸೂತ್ರವು ಕಾಗದದಿಂದ ಶಾಖೆಯ ಮೇಜಿಗೆ ಬರಬೇಕಾದರೆ ಸಾಲಗಾರನೂ ಕಾರಣವನ್ನು ಕೇಳುವ ರೂಢಿ ಬೆಳೆಸಿಕೊಳ್ಳಬೇಕು.

ಧೈರ್ಯವಾಗಿ ತಪ್ಪು ಹೇಳುವ ಗುಮಾಸ್ತ

ನೋಟಿಸು ಬಂದಾಗ ಉತ್ತರವನ್ನು ಫೋನಿನಿಂದಲೇ ಬರೆಸಿ ಸಲ್ಲಿಸುವ ಅಭ್ಯಾಸವು ಈಚೆಗೆ ಕಂಡುಬರುತ್ತಿದೆ. ಯಂತ್ರವು ಕಲಮು, ತೀರ್ಪು, ದಿನಾಂಕಗಳನ್ನು ಸೇರಿಸಿ ಸೊಗಸಾದ ಉತ್ತರವನ್ನು ಕ್ಷಣಾರ್ಧದಲ್ಲಿ ಸಿದ್ಧಪಡಿಸುತ್ತದೆ. ಆ ತೀರ್ಪುಗಳು ನಿಜವಾಗಿಯೂ ಇವೆಯೇ ಎಂಬುದೇ ಪ್ರಶ್ನೆ.

ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠವು 2024ರ ಡಿಸೆಂಬರ್ ಅಂತ್ಯದಲ್ಲಿ ನೀಡಿದ ಆದೇಶವೊಂದರಲ್ಲಿ ಅಸ್ತಿತ್ವದಲ್ಲಿಯೇ ಇಲ್ಲದ ತೀರ್ಪುಗಳು ಉಲ್ಲೇಖವಾಗಿದ್ದುದು ಬೆಳಕಿಗೆ ಬಂದು ಆ ಆದೇಶವನ್ನು ಹಿಂದಕ್ಕೆ ಪಡೆಯಲಾಯಿತು. 2025ರ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟ್ ತಂತಿ ತಯಾರಿಸುವ ಕಂಪನಿಯೊಂದರ ಆದಾಯ ತೆರಿಗೆ ನಿರ್ಧರಣೆಯನ್ನು ರದ್ದುಪಡಿಸಿತು. ಅಲ್ಲಿ ತೆರಿಗೆ ಅಧಿಕಾರಿಯು ಆಧರಿಸಿದ್ದ ಮೂರು ತೀರ್ಪುಗಳು ಎಲ್ಲಿಯೂ ಇರಲಿಲ್ಲ. ಕೃತಕ ಬುದ್ಧಿಮತ್ತೆಯ ಈ ಕಾಲದಲ್ಲಿ ಗಣಕವು ಕೊಟ್ಟುದನ್ನು ಕಣ್ಣುಮುಚ್ಚಿ ನಂಬದೆ ಪರಿಶೀಲಿಸಿಯೇ ಬಳಸಬೇಕೆಂದು ನ್ಯಾಯಾಲಯವು ಎಚ್ಚರಿಸಿತು. ಅಮೆರಿಕದ ನ್ಯೂಯಾರ್ಕಿನಲ್ಲಿ 2023ರಲ್ಲಿಯೇ ಇಂತಹ ಕಲ್ಪಿತ ತೀರ್ಪುಗಳನ್ನು ಸಲ್ಲಿಸಿದ ವಕೀಲರಿಗೆ 5,000 ಡಾಲರ್ ದಂಡ ಬಿದ್ದಿತ್ತು. ಕಾನೂನು ಬಲ್ಲವರೇ ಹೀಗೆ ಎಡವಿರುವಾಗ ಸಾಮಾನ್ಯ ವರ್ತಕನು ಇನ್ನಷ್ಟು ಜಾಗರೂಕನಾಗಿರಬೇಕಾದುದು ಸಹಜ.

ತೆರಿಗೆ ದರಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯ ಶೇ. 12 ಮತ್ತು ಶೇ. 28ರ ಹಂತಗಳನ್ನು ಬಹುಪಾಲು ಸರಕುಗಳಿಗೆ ತೆಗೆದುಹಾಕಲಾಯಿತು. ಸಿಮೆಂಟಿನ ದರವು ಶೇ. 28ರಿಂದ 18ಕ್ಕೂ ತುಪ್ಪದ ದರವು ಶೇ. 12ರಿಂದ 5ಕ್ಕೂ ಇಳಿಯಿತು. ಅದಕ್ಕೂ ಹಿಂದಿನ ಬರಹಗಳಿಂದ ಕಲಿತ ಯಂತ್ರವು ಹಳೆಯ ದರವನ್ನೇ ಯಾವ ಅಳುಕೂ ಇಲ್ಲದೆ ಹೇಳಬಹುದು. ಪ್ರಶ್ನೆಯು ಅಸ್ಪಷ್ಟವಾಗಿದ್ದರೂ ಅಪಾಯವೇ. ಹಸಿ ಅಡಿಕೆಗೆ ತೆರಿಗೆಯಿಲ್ಲ, ಒಣ ಅಡಿಕೆಗೆ ಶೇ. 5 ಇದೆ. ‘ಅಡಿಕೆಗೆ ತೆರಿಗೆ ಎಷ್ಟು?’ ಎಂದಷ್ಟೇ ಕೇಳಿದರೆ, ಯಾವ ಅಡಿಕೆ ಎಂದು ಲೆಕ್ಕಪರಿಶೋಧಕರು ಮರುಪ್ರಶ್ನೆ ಹಾಕುತ್ತಾರೆ. ಯಂತ್ರವು ಹಾಗೆ ಕೇಳೀತೆಂಬ ಭರವಸೆಯಿಲ್ಲ.

ಕನ್ನಡದ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. 2025ರ ಜುಲೈನಲ್ಲಿ ಹಿರಿಯ ನಟಿ ಬಿ. ಸರೋಜಾದೇವಿಯವರು ನಿಧನರಾದಾಗ ಮುಖ್ಯಮಂತ್ರಿಗಳ ಕನ್ನಡದ ಸಂತಾಪ ಸಂದೇಶವನ್ನು ಫೇಸ್‌ಬುಕ್ಕಿನ ಸ್ವಯಂಚಾಲಿತ ಅನುವಾದವು, ಮುಖ್ಯಮಂತ್ರಿಗಳೇ ತೀರಿಕೊಂಡರು ಎಂಬ ಅರ್ಥ ಬರುವಂತೆ ಇಂಗ್ಲಿಷಿಗೆ ಬದಲಾಯಿಸಿತು. ಸರ್ಕಾರವು ಆಕ್ಷೇಪಿಸಿದ ಮೇಲೆ ಮೆಟಾ ಸಂಸ್ಥೆಯು ಕ್ಷಮೆ ಕೋರಿತು. ಮುಖ್ಯಮಂತ್ರಿಗಳ ಮಾತಾದುದರಿಂದ ತಪ್ಪು ಮರುದಿನವೇ ಬಯಲಾಯಿತು. ಹೊರರಾಜ್ಯದ ವ್ಯಾಪಾರಿಗೆ ಹೋದ ಪತ್ರದಲ್ಲಿ ‘ಮಾಲು ಕಳುಹಿಸಿದ ಮೇಲೆ ಹಣ’ ಎಂಬುದು ‘ಹಣ ಬಂದ ಮೇಲೆ ಮಾಲು’ ಎಂದಾದರೆ ಅದನ್ನು ಎತ್ತಿ ತೋರಿಸುವವರು ಯಾರೂ ಇರುವುದಿಲ್ಲ.

ಕೆಲಸಗಾರರ ಭವಿಷ್ಯ

ಪೇಟೆಯ ಮಕ್ಕಳಲ್ಲಿ ಬಿ.ಕಾಂ. ಓದಿ ಅಂಗಡಿ, ಮಂಡಿ, ಸೊಸೈಟಿಗಳಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರುವವರು ಬಹಳ ಮಂದಿ. ಅವರ ಅನ್ನಕ್ಕೆ ಕುತ್ತು ಬರುವುದೇ ಎಂಬ ಭಯ ಸಹಜವಾದದ್ದು. 1986ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಂಸ್ಥೆಯೊಂದರ ಟ್ಯಾಲಿ ತಂತ್ರಾಂಶವು ಹಳ್ಳಿಪೇಟೆಗಳಿಗೆ ಬಂದಾಗಲೂ ಇದೇ ಭಯವಿತ್ತು. ಕೂಡುವ ಕಳೆಯುವ ಕೆಲಸವನ್ನು ಟ್ಯಾಲಿ ಕಿತ್ತುಕೊಂಡಿತು, ನಿಜ. ಆದರೆ 2005ರಲ್ಲಿ ವ್ಯಾಟ್, 2017ರಲ್ಲಿ ಜಿಎಸ್‌ಟಿ, 2018ರಲ್ಲಿ ಇ-ವೇ ಬಿಲ್ಲು ಬಂದಂತೆಲ್ಲ ಟ್ಯಾಲಿ ಬಲ್ಲ ಹುಡುಗರಿಗೆ ಬೇಡಿಕೆಯೇ ಹೆಚ್ಚಿತು.

ಈ ಸಲವೂ ಹಾಗೆಯೇ ಆಗುವುದೆಂದು ಖಚಿತವಾಗಿ ಹೇಳಲಾಗದು. ಟ್ಯಾಲಿಗೆ ಬಿಲ್ಲಿನ ಅಂಕಿಗಳನ್ನು ಮನುಷ್ಯನೇ ತುಂಬಬೇಕಾಗಿತ್ತು. ಹೊಸ ಯಂತ್ರವು ಬಿಲ್ಲಿನ ಛಾಯಾಚಿತ್ರವನ್ನು ನೋಡಿ ತಾನೇ ತುಂಬಿಕೊಳ್ಳುತ್ತದೆ. ಕೇವಲ ತುಂಬುವ ಕೆಲಸವು ಕ್ರಮೇಣ ಕಡಿಮೆಯಾಗುವುದು ನಿಶ್ಚಿತ. ಉಳಿಯುವುದು ತಾಳೆ ನೋಡುವ ಕೆಲಸ: ಬಿಲ್ಲು ನಿಜವೇ, ಮಾಲು ಗೋದಾಮಿಗೆ ಬಂದಿದೆಯೇ, ಈ ಖರ್ಚು ಅಂಗಡಿಯದೋ ಮನೆಯದೋ ಎಂದು ಪ್ರಶ್ನಿಸುವ ಕೆಲಸ. ಇದಕ್ಕೆ ಸರಕಿನ, ಊರಿನ, ಜನರ ಪರಿಚಯ ಬೇಕು. ತುಂಬುವವನಾಗಿದ್ದ ಹುಡುಗನನ್ನು ತಾಳೆ ನೋಡುವವನನ್ನಾಗಿ ತಯಾರು ಮಾಡುವ ಹೊಣೆ ಮಾಲೀಕರ ಮೇಲಿದೆ. ಸಂಬಳ ಉಳಿಯಿತೆಂದು ಅವನನ್ನು ಮನೆಗೆ ಕಳುಹಿಸಿದ ಅಂಗಡಿಯಲ್ಲಿ ಯಂತ್ರದ ತಪ್ಪನ್ನು ಹಿಡಿಯುವವರು ಉಳಿಯುವುದಿಲ್ಲ.

ವರ್ತಕರು ಗಮನಿಸಬೇಕಾದ ಅಂಶಗಳು

1. ಅಂಗಡಿಗೆ ಪ್ರತ್ಯೇಕ ಬ್ಯಾಂಕ್ ಖಾತೆಯನ್ನೂ ಪ್ರತ್ಯೇಕ ಕ್ಯೂಆರ್ ಸಂಕೇತವನ್ನೂ ಇಟ್ಟುಕೊಳ್ಳಬೇಕು. ಮನೆಯ ಹಣ, ಕೈಸಾಲಗಳು ಅದರಲ್ಲಿ ಬೆರೆಯಬಾರದು. ತೆರಿಗೆ ಇರುವ ಮತ್ತು ಇಲ್ಲದ ಮಾರಾಟವನ್ನು ದಿನವೂ ಬೇರೆ ಬೇರೆ ಬರೆದಿಡಬೇಕು.

2. ನೋಟಿಸಿನ ಭಾಷೆಯನ್ನು ಕನ್ನಡದಲ್ಲಿ ತಿಳಿದುಕೊಳ್ಳಲು ಯಂತ್ರದ ನೆರವು ಪಡೆಯಲು ಅಡ್ಡಿಯಿಲ್ಲ. ಆದರೆ ಉತ್ತರದಲ್ಲಿರುವ ಪ್ರತಿಯೊಂದು ಕಲಮು, ದರ, ತೀರ್ಪನ್ನು ಮೂಲದಲ್ಲಿ ನೋಡದೆ ಸಲ್ಲಿಸಬಾರದು. ಜಿಎಸ್‌ಟಿ ಕಾಯ್ದೆಯ 75(4)ನೇ ಕಲಮಿನಂತೆ ಲಿಖಿತವಾಗಿ ಕೋರಿದವರಿಗೆ ಮುಖತಃ ಅಹವಾಲು ಹೇಳುವ ಅವಕಾಶವಿದೆ. ಅಂಕಿಗಳು ಹೇಳದ ಕಥೆಯನ್ನು ಹೇಳಲು ಅದುವೇ ಸ್ಥಳ.

3. ಗಿರಾಕಿಗಳ ಉದ್ದರಿ ಪಟ್ಟಿ, ಫೋನ್ ಸಂಖ್ಯೆ, ಆಧಾರ್ ಮತ್ತು ಪಾನ್ ವಿವರ, ಬ್ಯಾಂಕ್ ಪಾಸ್‌ಬುಕ್ಕಿನ ಚಿತ್ರಗಳನ್ನು ಇಂತಹ ಯಂತ್ರಗಳಿಗೆ ಕೊಡಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಇತರರ ಮಾಹಿತಿಯನ್ನು ಇಟ್ಟುಕೊಂಡವರ ಮೇಲೆ ಹೊಣೆ ಹೊರಿಸುತ್ತದೆ.

4. ಧ್ವನಿಯನ್ನೂ ಮುಖವನ್ನೂ ಯಂತ್ರವು ನಕಲು ಮಾಡಬಲ್ಲದು. 2024ರ ಆರಂಭದಲ್ಲಿ ಹಾಂಗ್‌ಕಾಂಗ್‌ನಲ್ಲಿ ಮೇಲಧಿಕಾರಿಗಳ ನಕಲಿ ವಿಡಿಯೊ ಸಭೆಯನ್ನು ನಂಬಿ ಕಂಪನಿಯೊಂದರ ನೌಕರನು ಸುಮಾರು 2.5 ಕೋಟಿ ಡಾಲರ್ ವರ್ಗಾಯಿಸಿದ ಪ್ರಕರಣವು ವರದಿಯಾಯಿತು. ಪರಿಚಿತರ ಧ್ವನಿಯಲ್ಲಿ ಹಣ ಕೇಳಿ ಕರೆ ಬಂದರೆ ಅದನ್ನು ನಿಲ್ಲಿಸಿ, ಹಳೆಯ ಸಂಖ್ಯೆಗೆ ತಾವೇ ಕರೆ ಮಾಡಿ ವಿಚಾರಿಸಬೇಕು. ಮೋಸ ಹೋದಲ್ಲಿ ತಡಮಾಡದೆ 1930 ಸಂಖ್ಯೆಗೆ ದೂರು ಕೊಡಬೇಕು.

5. ಸಾಲದ ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಲಿಖಿತವಾಗಿ ಕೇಳಬೇಕು. ವರ್ಷಕ್ಕೊಮ್ಮೆ ಪ್ರತಿ ಸಾಲ ಮಾಹಿತಿ ಸಂಸ್ಥೆಯಿಂದ ಉಚಿತವಾಗಿ ದೊರೆಯುವ ವರದಿಯನ್ನು ತರಿಸಿ ನೋಡಬೇಕು. ಅರ್ಜಿಯೊಡನೆ ಹಿಂದಿನ ಕೆಲವು ವರ್ಷಗಳ ಮಾರಾಟದ ಪಟ್ಟಿಯನ್ನು ಕೊಟ್ಟು, ಕೊಯ್ಲಿನ ಕಾಲದಲ್ಲಿ ಹಣ ಬರುವ ಕ್ರಮವನ್ನು ವಿವರಿಸಬೇಕು.

ಸಹಿ ಯಾರದು?

ಯಂತ್ರವನ್ನು ದೂರವಿಡುವುದು ಸಾಧ್ಯವೂ ಅಲ್ಲ, ಜಾಣತನವೂ ಅಲ್ಲ. ಇಂಗ್ಲಿಷ್ ಬಾರದ ವರ್ತಕನಿಗೆ ಪತ್ರ ಬರೆದುಕೊಡುವ, ಸಣ್ಣ ತಯಾರಕನಿಗೆ ಬೆಲೆಪಟ್ಟಿ ಸಿದ್ಧಪಡಿಸುವ, ರಾತ್ರಿ ಹನ್ನೊಂದಕ್ಕೂ ಬೇಸರಿಸದೆ ಉತ್ತರಿಸುವ ಅಗ್ಗದ ಗುಮಾಸ್ತ ಅದು. ಹಿಂದೆಂದೂ ಗುಮಾಸ್ತನನ್ನು ಇಟ್ಟುಕೊಳ್ಳಲಾಗದಿದ್ದ ಸಣ್ಣ ಅಂಗಡಿಗೆ ಇದರಿಂದ ಆಗುವ ಉಪಕಾರ ದೊಡ್ಡದು.

ಆದರೆ ಗುಮಾಸ್ತನು ಬರೆದುದಕ್ಕೆ ಎಂದಿಗೂ ಮಾಲೀಕನೇ ಹೊಣೆ. ಲೆಕ್ಕಪರಿಶೋಧಕರು ನೀಡುವ ಪ್ರಮಾಣಪತ್ರಗಳಿಗೆ 2019ರಿಂದ ಯುಡಿಐಎನ್ ಎಂಬ ವಿಶಿಷ್ಟ ಸಂಖ್ಯೆಯು ಕಡ್ಡಾಯವಾಗಿದೆ. ಈ ಕಾಗದಕ್ಕೆ ಇಂಥವರೇ ಹೊಣೆ ಎಂದು ಯಾರಾದರೂ ಪರಿಶೀಲಿಸಿ ತಿಳಿಯಬಹುದು. ಯಂತ್ರಕ್ಕೆ ಅಂತಹ ಸಂಖ್ಯೆಯಿಲ್ಲ, ಸಹಿಯಿಲ್ಲ, ಕಟ್ಟಬೇಕಾದ ದಂಡವಿಲ್ಲ, ಪೇಟೆಯಲ್ಲಿ ಕಳೆದುಕೊಳ್ಳಬೇಕಾದ ಹೆಸರೂ ಇಲ್ಲ. ತಪ್ಪಾದ ರಿಟರ್ನಿಗೆ ಬಡ್ಡಿ ಕಟ್ಟುವವನು ವರ್ತಕ. ದರ್ಜೆ ತಪ್ಪಾದರೆ ಮುಂದಿನ ವರ್ಷ ಗಿರಾಕಿಯನ್ನು ಕಳೆದುಕೊಳ್ಳುವವನೂ ವರ್ತಕನೇ. ಆದುದರಿಂದ ಬರೆಯುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದರೂ ಓದುವ ಕೆಲಸವನ್ನು ತಮ್ಮಲ್ಲಿಯೇ ಉಳಿಸಿಕೊಂಡು, ಓದಿ ಒಪ್ಪಿದ ಮೇಲೆಯೇ ಸಹಿ ಹಾಕುವ ಹಳೆಯ ಶಿಸ್ತನ್ನು ವರ್ತಕ ಬಾಂಧವರು ಕೈಬಿಡದಿರುವುದು ಒಳಿತು.